ಅಪ್‌ಡೇಟ್: ಕ್ವಾರಿ ಹೊಂಡದಿಂದ ರಾಡಿ ನೀರು ಹಳ್ಳಕ್ಕೆ ಹೋಗುತ್ತಿದ್ದುದು

ಲೋಕಾಪುರದ ಹತ್ತಿರದ ನಮ್ಮ ಸುಣ್ಣದಕಲ್ಲಿನ ಕ್ವಾರಿಯಲ್ಲಿ ಹೂಳು ಕೂರಿಸುವ ಹೊಂಡ ಇದ್ದರೂ ಮಳೆಗೆ ರಾಡಿ ನೀರೇ ಹಳ್ಳ ಸೇರುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ನೀರು ಬರುವ ಬಾಯಿ, ಹೋಗುವ ಬಾಯಿ ಎರಡೂ ಪಕ್ಕಪಕ್ಕದಲ್ಲೇ ಇದ್ದವು. ಹೀಗಿದ್ದರೆ ಹೊಂಡ ಎಷ್ಟು ದೊಡ್ಡದಾದರೂ ಏನು ಉಪಯೋಗ, ಅಲ್ವಾ? ನಡುವೆ ಕಲ್ಲಿನ ಅಡ್ಡ ಒಡ್ಡು ಹಾಕಿಸಿದೆವು. ಈಗ ನೀರು ಸುತ್ತಿ ಬಳಸಿ, ನಿಧಾನವಾಗಿ ಹೋಗುತ್ತದೆ. ಮುಂಗಾರಿಗೆ ಮೊದಲೇ ಜೆಸಿಬಿಯಿಂದ ಹೂಳು ತೆಗೆಸಿದೆವು. ಹೊರಗಿನ ಮಳೆನೀರಿಗೆ ಬೇರೆ ಕಾಲುವೆ ತೋಡಿಸಿದೆವು.

ಮರಳು, ಕಲ್ಲುಪುಡಿ ಚೆನ್ನಾಗಿ ಕೂರುತ್ತಿವೆ. ಎರೆಮಣ್ಣಿನ ಜಿಗುಟು ಮಾತ್ರ ಇನ್ನೂ ತೇಲುತ್ತದೆ. ಕಣದ ಗಾತ್ರ ಅರ್ಧವಾದರೆ ಕೂರುವ ವೇಗ ಕಾಲು ಭಾಗಕ್ಕೆ ಇಳಿಯುತ್ತದಂತೆ. ಹೊರಬಿಡುವ ನೀರಿನಲ್ಲಿ ತೇಲುಕಣ ಲೀಟರಿಗೆ 100 ಮಿಲಿಗ್ರಾಂ ದಾಟಬಾರದು. ಆ ಜಿಗುಟನ್ನು ಕೂರಿಸಲು ಸ್ಫಟಿಕ (ಆಲಂ, ರಾಡಿ ನೀರು ತಿಳಿಯಾಗಿಸಲು ಹಾಕುವ ಪಟಿಕ) ಎಷ್ಟು ಬೇಕು ಅಂತ ಮುಂದೆ ಜಾರಿನಲ್ಲಿ ಪರೀಕ್ಷಿಸುತ್ತೇವೆ. ಕೆಳಗಿನ ರೈತರ ದನಗಳು ಅದೇ ಹಳ್ಳದ ನೀರು ಕುಡಿಯುತ್ತವೆ.