ಏಳು ಜನ, ಒಂದು ಟಾಟಾ ಏಸ್: ಹೊಸ ನಾಟಕ ಯಾವುದು ಮಾಡೋಣ?

ಮಂಡಿಪೇಟೆ ಲೆಕ್ಕದವ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಹಗಲು ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ಸಂಜೆ ನಾಟಕ ಆಡಿಸುತ್ತೇನೆ. ನಮ್ಮದು ಸಣ್ಣ ಹವ್ಯಾಸಿ ತಂಡ. ನಾಲ್ವರು ಗಂಡಸರು, ಮೂವರು ಹೆಂಗಸರು. ಹೆಂಗಸರಲ್ಲಿ ಒಬ್ಬರು ನರ್ಸ್, ಅವರಿಗೆ ನೈಟ್ ಡ್ಯೂಟಿ ಬಂದ ವಾರ ತಾಲೀಮು ಬಂದ್. ಇನ್ನೊಬ್ಬರು ಅಂಗನವಾಡಿ ಟೀಚರ್. ಮೂರನೆಯವಳು ನನ್ನ ತಂಗಿ, ಬೈದರೆ ಮಾತ್ರ ಬರುತ್ತಾಳೆ.

ಹೋದ ವರ್ಷ ಪಕ್ಕದ ತಂಡದಿಂದ ಜನ ಸಾಲ ತಂದು 'ಜೋಕುಮಾರಸ್ವಾಮಿ' ಮಾಡಿದೆವು. ನಾಟಕ ಮುಗಿದ ಮೇಲೆ ಒಬ್ಬ ಹಿರಿಯರು ಬಂದು ಕೈ ಹಿಡಿದುಕೊಂಡರು. "ನಾನು ಕಾಲೇಜಿನಲ್ಲಿದ್ದಾಗ ನೋಡಿದ್ದೆ ತಮ್ಮಾ, ಆಗಲೂ ಚೆನ್ನಾಗಿತ್ತು" ಅಂದರು. ಹೊಗಳಿದರೋ ತೆಗಳಿದರೋ ಇವತ್ತಿಗೂ ಗೊತ್ತಾಗಿಲ್ಲ. ಆದರೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಕಾರ್ನಾಡರ 'ತುಘಲಕ್' ನಾಟಕ ಬಂದಿದ್ದು 1964ರಲ್ಲಿ. ಆಮೇಲೆ ಕನ್ನಡದಲ್ಲಿ ಯಾರೂ ಪೆನ್ನು ಹಿಡಿದೇ ಇಲ್ಲವೇನೋ ಅನ್ನೋ ಹಾಗೆ ಅವೇ ನಾಲ್ಕೈದು ನಾಟಕಗಳನ್ನು ತಿರುಗಿಸಿ ಮುರುಗಿಸಿ ಆಡುತ್ತಿದ್ದೇವೆ, ಅಲ್ವಾ?

ನನಗೆ ಬೇಕಾಗಿರುವುದು ಇಷ್ಟು. 2000ದ ಆಸುಪಾಸು ಅಥವಾ ಆಮೇಲೆ ಬಂದ ನಾಟಕ. ಏಳು ಜನಕ್ಕೆ ಆಗಬೇಕು. ಒಂದೂವರೆ ಗಂಟೆ ದಾಟಬಾರದು. ರಂಗಸಜ್ಜಿಕೆ, ಜನ, ಲೈಟು ಎಲ್ಲಾ ಸೇರಿ ಒಂದು ಟಾಟಾ ಏಸ್‌ನಲ್ಲಿ ಹಿಡಿಸಬೇಕು, ಯಾಕೆಂದರೆ ಹರಿಹರ, ಚನ್ನಗಿರಿ ಕಡೆ ಶೋ ಕೊಡೋದು ಅದರಲ್ಲೇ. ಬರೀ ಹೆಸರಿನ ಪಟ್ಟಿ ಬೇಡ. ಓದಿ, ಆಡಿಸಿ, ಏಟು ತಿಂದವರು ಹೇಳಿ.

ಕೋಟೆ ಕೆಳಗಿನ ಟೀಚರ್, ಚಿತ್ರದುರ್ಗ

ಸರ್, ನೀವು ಚನ್ನಗಿರಿ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಎಚ್.ಎಸ್. ವೆಂಕಟೇಶಮೂರ್ತಿ ಅದೇ ತಾಲ್ಲೂಕಿನ ಹೋದಿಗೆರೆಯವರು. ಅವರು ಹುಟ್ಟಿದಾಗ ಅದು ಶಿವಮೊಗ್ಗ ಜಿಲ್ಲೆ, ಈಗ ನಿಮ್ಮದು. ಭಾವಗೀತೆ ಕವಿ ಅಂತಲೇ ಎಲ್ಲರಿಗೂ ಗೊತ್ತು, ನಾಟಕ ಓದಿದವರು ಕಮ್ಮಿ. ಅವರ 'ಚಿತ್ರಪಟ' ಓದಿ.

ಜನಪದ ರಾಮಾಯಣದ ಕಥೆ ಅದು. ಲಂಕೆಯಿಂದ ಬಂದ ಸೀತೆ ಹತ್ತಿರ ಶೂರ್ಪನಖಿ ಮಾರುವೇಷದಲ್ಲಿ ಬರುತ್ತಾಳೆ. ರಾವಣ ಹೇಗಿದ್ದ, ಬರೆದು ತೋರಿಸು ಅನ್ನುತ್ತಾಳೆ. ಸೀತೆ ಅವನ ಮುಖವನ್ನು ನೋಡಿಯೇ ಇಲ್ಲ, ನೋಡಿದ್ದು ಕಾಲಿನ ಹೆಬ್ಬೆರಳು ಮಾತ್ರ. ಆ ಬೆರಳಿನಿಂದ ಶುರುವಾದ ಚಿತ್ರ ಒಂದು ಸಂಸಾರವನ್ನೇ ಒಡೆಯುತ್ತದೆ. ಈಗಿನ ಕಾಲದಲ್ಲಿ ಮೊಬೈಲ್‌ನಲ್ಲಿ ಸಿಕ್ಕ ಒಂದು ಫೋಟೋ ಸಾಕಾಗುತ್ತದಲ್ಲ ಅನುಮಾನಕ್ಕೆ, ಹಾಗೆ. ನಮ್ಮ ಸ್ಕೂಲ್ ಹುಡುಗಿಯರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ನಾವು ಇದನ್ನು ಟೀಚರ್‌ಗಳೇ ಸೇರಿ ಮಾಡಿದ್ವಿ. ಚಿತ್ರ ಬರೆಯೋದನ್ನ ಹೇಗೆ ತೋರಿಸೋದು ಅಂತ ಒಂದು ವಾರ ಜಗಳ. ಕೊನೆಗೆ ನೆಲಕ್ಕೆ ಕರಿ ಬಟ್ಟೆ ಹಾಸಿ, ಸೀತೆ ರಂಗೋಲಿ ಪುಡಿಯಲ್ಲೇ ರಾವಣನನ್ನು ಬಿಡಿಸೋದು ಅಂತಾಯಿತು. ತಾಲೀಮಿನಲ್ಲಿ ಅದ್ಭುತವಾಗಿ ಬಂತು. ಮೊದಲ ಶೋ ದಿನ ಸೆಕೆ ಅಂತ ಯಾರೋ ಪುಣ್ಯಾತ್ಮರು ಸ್ಟೇಜ್ ಫ್ಯಾನ್ ಹಾಕಿದರು. ಹೆಬ್ಬೆರಳು ಉಳಿಯಿತು, ಹತ್ತು ತಲೆಯೂ ಹಾರಿಹೋದವು. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಡ್‌ಮಾಸ್ಟರ್ ಪ್ಯಾಂಟ್ ಮೇಲೆ ರಾವಣ.

ಅವರದೇ 'ಉರಿಯ ಉಯ್ಯಾಲೆ' ಕೂಡ ನೋಡಿ, ದ್ರೌಪದಿ ನಾಟಕ. ಆದರೆ ಅದು ಪೂರ್ತಿ ಒಬ್ಬ ಒಳ್ಳೆ ನಟಿಯ ಮೇಲೆ ನಿಂತಿದೆ. ಬೈದರೆ ಮಾತ್ರ ಬರುವ ತಂಗಿಗೆ ಕೊಡಬೇಡಿ.

ಇನ್ನೊಂದು ಮಾತು. ಎಚ್ಚೆಸ್ವಿ 2025ರಲ್ಲಿ ತೀರಿಕೊಂಡರು. ಆಡುವ ಮೊದಲು ಅವರ ಮನೆಯವರನ್ನೋ ಪ್ರಕಾಶಕರನ್ನೋ ಕೇಳಿ. ಇದನ್ನು ನಮ್ಮ ಕಡೆ ಯಾರೂ ಮಾಡೋದಿಲ್ಲ. ಶಾಮಿಯಾನದವನಿಗೆ ಅಡ್ವಾನ್ಸ್ ಕೊಡುತ್ತೇವೆ, ಬರೆದವರಿಗೆ ಒಂದು ಫೋನ್ ಇಲ್ಲ.

ಲೈಟ್ ಹಿಡಿಯುವವ, ಹೊಸದುರ್ಗ

ಟೀಚರ್ ಮಾತಿಗೆ ನನ್ನ ಓಟು. ಫ್ಯಾನ್ ಕಥೆ ಓದಿ ನನ್ನದೂ ಒಂದು ನೆನಪಾಯಿತು.

ಕಾರ್ನಾಡರ 'ಒಡಕಲು ಬಿಂಬ' ಗೊತ್ತಲ್ಲ? ಕನ್ನಡ ಲೇಖಕಿ ಒಬ್ಬಳು ಇಂಗ್ಲಿಷ್‌ನಲ್ಲಿ ಕಾದಂಬರಿ ಬರೆದು ಹೆಸರು ಮಾಡಿರುತ್ತಾಳೆ. ಟೀವಿ ಸ್ಟುಡಿಯೋದಲ್ಲಿ ಮಾತು ಮುಗಿಸಿ ಏಳುವಷ್ಟರಲ್ಲಿ ಪರದೆ ಮೇಲಿನ ಅವಳದೇ ಬಿಂಬ ಅವಳನ್ನು ಪ್ರಶ್ನೆ ಕೇಳಲು ಶುರು ಮಾಡುತ್ತದೆ. ಒಬ್ಬಳೇ ನಟಿ, ಒಂದು ಕುರ್ಚಿ, ಒಂದು ಟೀವಿ. ಟಾಟಾ ಏಸ್ ಯಾಕೆ, ಸ್ಕೂಟರ್ ಸಾಕು ಅಂದುಕೊಂಡು ನಾವು ಕೈ ಹಾಕಿದೆವು.

ಏನಾಯಿತು ಗೊತ್ತಾ? ಬಿಂಬದ ಮಾತು ಮೊದಲೇ ರೆಕಾರ್ಡ್ ಆಗಿರುತ್ತದೆ. ಅದು ಯಾರಿಗೂ ಕಾಯುವುದಿಲ್ಲ. ನಮ್ಮ ನಟಿ ಒಂದೇ ಒಂದು ಮಾತು ನುಂಗಿದರು. ಅಲ್ಲಿಂದ ಮುಂದೆ ಇವರು ಕೇಳುವ ಮೊದಲೇ ಅದು ಉತ್ತರ ಹೇಳುತ್ತಿತ್ತು, ಇವರು ಅಳುವಾಗ ಅದು ನಗುತ್ತಿತ್ತು. ನಾನು ಲ್ಯಾಪ್‌ಟಾಪ್ ಮುಂದೆ ಕೂತು ಬೆವರುತ್ತಿದ್ದೆ. ನಿಲ್ಲಿಸಿದರೆ ಬಿಂಬ ಬಾಯಿ ತೆರೆದುಕೊಂಡು ನಿಲ್ಲುತ್ತದೆ, ಬಿಟ್ಟರೆ ಓಡುತ್ತದೆ. ಮಜಾ ಅಂದರೆ ಅರ್ಧ ಜನ ಅದೇ ಹೊಸ ಪ್ರಯೋಗ ಅಂದುಕೊಂಡು ಚಪ್ಪಾಳೆ ಹೊಡೆದರು. ಈ ನಾಟಕ ಮಾಡುವುದಾದರೆ ವಿಡಿಯೋವನ್ನು ಒಂದೇ ಫೈಲ್ ಮಾಡಬೇಡಿ. ಪ್ರತಿ ಮಾತಿಗೂ ತುಂಡು ಮಾಡಿ, ನಡುವೆ ಬಿಂಬ ಸುಮ್ನೆ ನೋಡುತ್ತಾ ಕೂತಿರುವ ತುಂಡುಗಳನ್ನೂ ಇಟ್ಟುಕೊಳ್ಳಿ.

ಕಾರ್ನಾಡರದೇ 'ರಾಕ್ಷಸ ತಂಗಡಿ' 2018ರದ್ದು. ಅಳಿಯ ರಾಮರಾಯ, 1565ರ ಯುದ್ಧ. ಓದಿ, ಖಂಡಿತ ಓದಿ. ಆಡಬೇಡಿ, ಏಳು ಜನರಲ್ಲಿ ವಿಜಯನಗರ ಬೀಳುವುದಿಲ್ಲ.

ನಿಮ್ಮ ತಂಡಕ್ಕೆ ನನ್ನ ಸಲಹೆ ಜಯಂತ ಕಾಯ್ಕಿಣಿಯವರ 'ಸೇವಂತಿ ಪ್ರಸಂಗ'. ಬರ್ನಾರ್ಡ್ ಶಾ ಬರೆದ 'ಪಿಗ್ಮೇಲಿಯನ್' ನಾಟಕದ ರೂಪಾಂತರ. ಹೂ ಮಾರುವ ಹುಡುಗಿಗೆ 'ಶುದ್ಧ' ಮಾತು ಕಲಿಸಲು ಹೊರಡುವ ಪಂಡಿತನ ಕಥೆ. ನಿಮ್ಮೂರ ಹೂವಿನ ಸಾಲಿನಲ್ಲಿ ಅರ್ಧ ಗಂಟೆ ನಿಂತರೆ ಸಾಕು, ನಟಿಗೆ ಬೇರೆ ತರಬೇತಿ ಬೇಡ. ನಗು ಇದೆ, ಮನೆ ಮಂದಿ ಎಲ್ಲಾ ಕೂತು ನೋಡಬಹುದು. ಸ್ವಲ್ಪ ಉದ್ದ, ಜನವೂ ಜಾಸ್ತಿ ಬೇಕು. ಒಬ್ಬೊಬ್ಬರು ಎರಡೆರಡು ಪಾತ್ರ ಮಾಡಿ.

ಹಾಗೇ, ನೋಡಲೇಬೇಕಾದ ಆದರೆ ನಕಲು ಮಾಡಲು ಬಾರದ ಕೆಲವು ಇವೆ. ಕೆ.ಪಿ. ಲಕ್ಷ್ಮಣ್ ನಿರ್ದೇಶನದ 'ದಕ್ಲಕಥಾ ದೇವಿಕಾವ್ಯ' ಅಂಥದ್ದು. ಕೆ.ಬಿ. ಸಿದ್ದಯ್ಯನವರ ಕಾವ್ಯವನ್ನೇ ಅರೆ, ತಮಟೆ ವಾದ್ಯಗಳ ಸದ್ದಿನಲ್ಲಿ ರಂಗಕ್ಕೆ ತಂದರು. ಶರಣ್ಯ ರಾಮ್‌ಪ್ರಕಾಶ್ ಅವರ 'ಅಕ್ಷಯಾಂಬರ'ದಲ್ಲಿ ಯಕ್ಷಗಾನದ ದ್ರೌಪದಿ ವೇಷ ಗಂಡಸಿನದು, ಕೌರವನ ವೇಷ ಹೆಂಗಸಿನದು. ಅವರದೇ 'ಪ್ರಾಜೆಕ್ಟ್ ಡಾರ್ಲಿಂಗ್' ಕಂಪನಿ ನಾಟಕಗಳ ಖಾನಾವಳಿ ಚೆನ್ನಿ ಪಾತ್ರವನ್ನು ಹುಡುಕಿಕೊಂಡು ಹೋಗುತ್ತದೆ. ಇವು ಆ ನಟರ ಮೈಯಲ್ಲೇ ಹುಟ್ಟಿದವು. ನಾವು ಕಲಿಯಬೇಕಾದ್ದು ಅವರ ಸಾಲುಗಳನ್ನಲ್ಲ, ಕೆಲಸ ಮಾಡುವ ರೀತಿಯನ್ನು.

ಕಾಲುಪೆಟ್ಟಿಗೆ ಅಜ್ಜ, ದಾವಣಗೆರೆ

ಮೊಮ್ಮಗ ಟೈಪ್ ಮಾಡ್ತಾ ಇದಾನೆ, ನಾನು ಹೇಳ್ತಾ ಇದೀನಿ. ತಪ್ಪಿದ್ದರೆ ಅವನಿಗೆ ಬೈಯಿರಿ.

ಖಾನಾವಳಿ ಚೆನ್ನಿಯನ್ನು ಹುಡುಕಿಕೊಂಡು ಹೋದರಾ? ನಮ್ಮನ್ನು ಕೇಳಿದ್ದರೆ ನಾವೇ ತೋರಿಸುತ್ತಿದ್ದೆವು! ಆ ಪಾತ್ರ ಬಂತು ಅಂದರೆ ನಾನು ಹಾರ್ಮೋನಿಯಂ ಪೆಟ್ಟಿಗೆ ಮೇಲಿನ ಕೈ ತೆಗೆದುಬಿಡುತ್ತಿದ್ದೆ. ಜನರ ಶಿಳ್ಳೆಯಲ್ಲಿ ಸ್ವರ ಎಲ್ಲಿ ಕೇಳಿಸಬೇಕು.

ತಮ್ಮಾ, ನೀನು ಹೊಸದು ಹೊಸದು ಅಂತೀಯ. ಇದು ಕಂಪನಿ ನಾಟಕದ ನಟಿ ಚಿಂದೋಡಿ ಲೀಲಾ ಅವರ ಊರು. ಧುತ್ತರಗಿಯವರ 'ಸಂಪತ್ತಿಗೆ ಸವಾಲ್' ಪುಸ್ತಕ ಓದಿದೀಯಾ? ಸಿನಿಮಾ ಅಲ್ಲ, ನಾಟಕ. ಅದರಲ್ಲಿ ಯಾರು ಯಾವಾಗ ಒಳಗೆ ಬರ್ತಾರೆ, ಬಂದಕೂಡಲೆ ಮೊದಲ ಮಾತು ಏನು ಅಂತ ನೋಡು. ಹೊಸಬರ ನಾಟಕದಲ್ಲಿ ಪಾತ್ರ ಸ್ಟೇಜಿಗೆ ಬಂದು ಕಿಟಕಿ ನೋಡುತ್ತಾ ನಿಲ್ಲುತ್ತದೆ. ಕಿಟಕಿಯಲ್ಲಿ ಏನಿದೆ? ಕೊನೆ ಸಾಲಿನಲ್ಲಿ ಕೂತವನು ಮಿರ್ಚಿ ಮಂಡಕ್ಕಿ ತಿನ್ನುತ್ತಾ ಇರ್ತಾನೆ. ಅವನ ಕೈ ಬಾಯಿ ನಡುವೆ ನಿಲ್ಲಬೇಕು.

ಹೊಸದನ್ನೇ ಮಾಡು, ಬೇಡ ಅನ್ನಲ್ಲ. ಆ ಹೂವಿನ ಹುಡುಗಿ ನಾಟಕ ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಆರಿಸುವ ಮೊದಲು ಜೋರಾಗಿ ಓದಿಸು. ಕಣ್ಣಲ್ಲಿ ಓದಿದರೆ ಎಲ್ಲಾ ನಾಟಕವೂ ಚಂದ.

ಲೈಟ್ ಹಿಡಿಯುವವ, ಹೊಸದುರ್ಗ

ಅಜ್ಜಾರ, ಕಿಟಕಿ ಮಾತಿಗೆ ಸೋತೆ. ಕಿಟಕಿಗೆ ಲೈಟ್ ಹಾಕುವವನು ನಾನೇ.

ಲೆಕ್ಕದ ಅಣ್ಣ, ನವೆಂಬರ್‌ನಲ್ಲಿ ತಂಡದವರನ್ನೆಲ್ಲ ಸಾಣೇಹಳ್ಳಿ ನಾಟಕೋತ್ಸವಕ್ಕೆ ಕರೆದುಕೊಂಡು ಬನ್ನಿ. ಅಲ್ಲಿನ ನಾಟಕ ತಂಡ ಶಿವಸಂಚಾರದ ಆ ವರ್ಷದ ಮೂರು ನಾಟಕಗಳೂ ಅಲ್ಲಿ ನೋಡಲು ಸಿಗುತ್ತವೆ. 1997ರಿಂದ ಊರೂರು ಸುತ್ತುತ್ತಿರುವ ತಿರುಗಾಟ ಅದು. ನೀವು ದಾವಣಗೆರೆಯವರು ನಮ್ಮ ಚಿತ್ರದುರ್ಗ ಜಿಲ್ಲೆಯಿಂದ ಬೇರೆಯಾಗಿದ್ದೂ ಅದೇ ವರ್ಷ ನೋಡಿ. ನಾಟಕ ಮುಗಿದ ಮೇಲೆ ಸ್ಟೇಜ್ ಹಿಂದಕ್ಕೆ ಹೋಗಿ, ಸಾಮಾನು ಹೇಗೆ ಬಿಚ್ಚಿ ಕಟ್ಟುತ್ತಾರೆ ನೋಡಿ. ಎಲ್ಲವೂ ಮಡಚುತ್ತದೆ. ನಿಮ್ಮ ಟಾಟಾ ಏಸ್ ಸಮಸ್ಯೆಗೆ ಉತ್ತರ ಯಾವ ಪುಸ್ತಕದಲ್ಲೂ ಇಲ್ಲ, ಅಲ್ಲಿದೆ.

ಮಂಡಿಪೇಟೆ ಲೆಕ್ಕದವ, ದಾವಣಗೆರೆ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಅಜ್ಜ ಹೇಳಿದ ಹಾಗೇ ಮಾಡಿದೆವು. ಭಾನುವಾರ ಗೋಡೌನ್ ಮಹಡಿಯಲ್ಲಿ ಎರಡೂ ನಾಟಕ ಜೋರಾಗಿ ಓದಿದೆವು. 'ಸೇವಂತಿ' ಓದುವಾಗ ಎಲ್ಲರೂ ನಕ್ಕರು, ಕೆಳಗೆ ಸಿಮೆಂಟ್ ಇಳಿಸುತ್ತಿದ್ದ ಹಮಾಲರೂ ಮೇಲೆ ಬಂದು ಕೂತರು. ಅದೇ ಗ್ಯಾರಂಟಿ ಅಂದುಕೊಂಡಿದ್ದೆ. ಆಮೇಲೆ 'ಚಿತ್ರಪಟ' ತೆಗೆದೆವು. ಸೀತೆಯ ಮಾತು ನನ್ನ ತಂಗಿ ಓದಿದಳು, ಸುಮ್ನೆ, ಯಾರೂ ಬೈಯದೆ. ಹೆಬ್ಬೆರಳಿನ ಜಾಗ ಬಂದಾಗ ಹಮಾಲರಲ್ಲಿ ಒಬ್ಬ ಬೀಡಿ ಹಚ್ಚಲು ಕಡ್ಡಿ ಗೀರಿದವನು ಹಾಗೇ ಹಿಡಿದುಕೊಂಡು ಕೂತ. ಬೆರಳು ಸುಟ್ಟಾಗಲೇ ಎಚ್ಚರ.

ಹಾಗಾಗಿ ಅದೇ. ಅನುಮತಿಗೆ ಪತ್ರ ಬರೆದಿದ್ದೇನೆ, ಉತ್ತರ ಬಂದ ಮೇಲೆ ತಾಲೀಮು. ಟೀಚರ್, ಒಂದೇ ಪ್ರಶ್ನೆ. ಎರಡನೇ ಶೋಗೆ ರಂಗೋಲಿ ಹಾರದ ಹಾಗೆ ಏನು ಮಾಡಿದಿರಿ? ನಮ್ಮಲ್ಲಿ ಬಯಲಲ್ಲೇ ಶೋ, ಫ್ಯಾನ್ ಆಫ್ ಮಾಡಬಹುದು, ಗಾಳಿ ಆಫ್ ಮಾಡಲು ಆಗಲ್ಲ.

ಕೋಟೆ ಕೆಳಗಿನ ಟೀಚರ್, ಚಿತ್ರದುರ್ಗ

ಬಟ್ಟೆ ತೆಗೆದು ಚಳ್ಳಕೆರೆ ಕಂಬಳಿ ಹಾಸಿದ್ವಿ ಸರ್, ಕರಿದು. ಪುಡಿ ಉಣ್ಣೆಯಲ್ಲಿ ಕಚ್ಚಿಕೊಳ್ಳುತ್ತದೆ, ಗಾಳಿಗೆ ಜಗ್ಗಲ್ಲ. ಆದರೆ ಎರಡು ಕಂಬಳಿ ಇಟ್ಟುಕೊಳ್ಳಿ. ರಾವಣನನ್ನು ಕೊಡವಿ ತೆಗೆಯೋಕೆ ನಮಗೆ ಮೂರು ದಿನ ಹಿಡೀತು.