ಕೋರ್ಟು ಮಾಡಿದ್ದೂ ‘ರದ್ದು’, ಸಂಸತ್ತು ಮಾಡಿದ್ದೂ ‘ರದ್ದು’: ಬೇರೆ ಪದ ಬೇಡವೇ?

ಎಲ್ಲರಿಗೂ ನಮಸ್ಕಾರ.

ಈಚಿನ ವರ್ಷಗಳ ಮುಖ್ಯ ತೀರ್ಪು, ಕಾಯ್ದೆಗಳ ಸಾರವನ್ನು ಕನ್ನಡದಲ್ಲಿ ಬರೆಯುವ ಕೆಲಸ ಹಿಡಿದಿದ್ದೇನೆ. ಹೆಜ್ಜೆಹೆಜ್ಜೆಗೂ ಅಡ್ಡ ಬರುತ್ತಿರುವ ಪದ ‘ರದ್ದು’.

ಐಪಿಸಿಯ, ಅಂದರೆ ಭಾರತೀಯ ದಂಡ ಸಂಹಿತೆಯ, 497ನೇ ಕಲಮನ್ನೇ ನೋಡಿ, ವ್ಯಭಿಚಾರದ್ದು. ಅದು ಸಂವಿಧಾನಕ್ಕೆ ವಿರುದ್ಧ ಎಂದು 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಾವು ‘497 ರದ್ದು’ ಎಂದೆವು. 2024ರ ಜುಲೈ 1ಕ್ಕೆ ಐಪಿಸಿಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು, ಆಗ ‘ಐಪಿಸಿಯೇ ರದ್ದು’ ಎಂದೆವು. ಹಾಗಾದರೆ ಆ ಕಲಂ ಎರಡು ಸಲ ಸತ್ತಿತೇ? ಮೊದಲ ಸಲ ಹೋದದ್ದು ಅದರ ಬಲ ಮಾತ್ರ. ಕಾಯ್ದೆಯ ಪಠ್ಯದಿಂದ ಸಾಲು ಅಳಿಸುವ ಕೆಲಸ ಕೋರ್ಟಿನದಲ್ಲ, ಶಾಸನಸಭೆಯದು.

ಇದು ಬರೀ ಪದಗಳ ಜಗಳವಲ್ಲ. ಆಕ್ಷೇಪಾರ್ಹ ಆನ್‌ಲೈನ್ ಸಂದೇಶಗಳಿಗೆ ಶಿಕ್ಷೆ ಹೇಳುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ 2015ರ ಮಾರ್ಚಿನಲ್ಲೇ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಿದ್ದುಹೋಯಿತು. ಆದರೆ ಅಚ್ಚಾದ ಪ್ರತಿಗಳಲ್ಲಿ ಪಠ್ಯ ಹಾಗೇ ಉಳಿದು, ತೀರ್ಪಿನ ವಿಷಯ ಅಡಿಟಿಪ್ಪಣಿ ಸೇರಿತು. ಠಾಣೆಗಳು ಅದರಡಿ ಕೇಸು ಹಾಕುತ್ತಲೇ ಇದ್ದವು. ಇನ್ನು ಯಾರ ಮೇಲೂ ಈ ಕಲಮಿನಡಿ ಮೊಕದ್ದಮೆ ನಡೆಸಕೂಡದು ಎಂದು 2022ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಹೇಳಬೇಕಾಯಿತು. ಇತ್ತ ‘ರದ್ದಾದ’ ಐಪಿಸಿ ಇನ್ನೂ ಕೆಲಸದಲ್ಲಿದೆ! 2024ರ ಜುಲೈ 1ಕ್ಕೆ ಮುಂಚೆ ನಡೆದ ಅಪರಾಧಗಳಿಗೆ ಅದೇ ಅನ್ವಯ. ಹೊಸ ಸಂಹಿತೆಯ 358ನೇ ಕಲಂ ಅದನ್ನು ಉಳಿಸಿಕೊಂಡಿದೆ.

ಸಂಸತ್ತು ಮಾಡುವ ಕೆಲಸಕ್ಕೆ ನಮ್ಮ ಕಾಯ್ದೆಗಳ ಕನ್ನಡದಲ್ಲಿ ‘ನಿರಸನ’ ಎಂಬ ಪದವಿದೆ. ಕೊನೆಯ ಕಲಮಿಗೆ ಸಾಮಾನ್ಯವಾಗಿ ‘ನಿರಸನ ಮತ್ತು ಉಳಿಸುವಿಕೆ’ ಎಂದೇ ತಲೆಬರಹ. ಪದ ಖಚಿತವೇನೋ ಹೌದು, ಆದರೆ ಆಡುವವರಿಲ್ಲ. 2021ರಲ್ಲಿ ಕೃಷಿ ಕಾಯ್ದೆಗಳು ಹೋದಾಗ ಎಲ್ಲರ ಬಾಯಲ್ಲೂ ‘ವಾಪಸ್’.

ಕೋರ್ಟಿನ ಕೆಲಸಕ್ಕೆ ನನ್ನ ಒಲವು ‘ಅಸಿಂಧು’ ಕಡೆಗೆ. ‘ಅನೂರ್ಜಿತ’ವೂ ಸರಿಯೇ, ಆದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅಸಿಂಧು ಮತ, ಸಿಂಧುತ್ವ ಪ್ರಮಾಣಪತ್ರ ಇವೆಲ್ಲ ಜನರಿಗೆ ಗೊತ್ತು. 2024ರ ಫೆಬ್ರವರಿಯ ತೀರ್ಪನ್ನು ‘ಚುನಾವಣಾ ಬಾಂಡ್ ಯೋಜನೆ ಅಸಿಂಧು ಎಂದು ಸಾರಿತು’ ಎಂದು ಬರೆದರೆ ಕೋರ್ಟು ಏನು ಮಾಡಿತೆಂಬುದು ಸರಿಯಾಗಿ ಬರುತ್ತದೆ. ತಲೆಬರಹ ಬರೆಯುವ ಉಪಸಂಪಾದಕರು ಒಪ್ಪಲಿಕ್ಕಿಲ್ಲ, ಎರಡೇ ಅಕ್ಷರದ ‘ರದ್ದು’ ಅವರಿಗೆ ವರದಾನ.

ಹೈಕೋರ್ಟ್ ಎಫ್‌ಐಆರ್ ರದ್ದು ಮಾಡಿತು, ಜಾಮೀನು ರದ್ದಾಯಿತು ಎನ್ನುವಲ್ಲಿ ನನ್ನ ತಕರಾರಿಲ್ಲ. ಅಲ್ಲಿ ಹೋಗುವುದು ಆ ಒಂದು ಪ್ರಕರಣ ಅಥವಾ ಆದೇಶ, ಕಾನೂನು ಇದ್ದಲ್ಲೇ ಇರುತ್ತದೆ. ಆದರೆ ಇಂಗ್ಲಿಷಿನ ‘ಸೆಟ್ ಅಸೈಡ್’ ಅನ್ನು ಪದಕ್ಕೆ ಪದ ಇಳಿಸಿ ‘ಕೆಳ ನ್ಯಾಯಾಲಯದ ತೀರ್ಪನ್ನು ಬದಿಗಿರಿಸಿತು’ ಎಂದು ಈಗೀಗ ಬರೆಯುತ್ತಾರಲ್ಲ, ಅದನ್ನು ಓದಿದರೆ ಆಮೇಲೆ ನೋಡೋಣವೆಂದು ಪಕ್ಕಕ್ಕೆ ಎತ್ತಿಟ್ಟಂತೆ ಕೇಳಿಸುತ್ತದೆ.

ಕನ್ನಡದಲ್ಲೇ ತೀರ್ಪು ಬರೆಯುವ, ಓದುವ ಅಭ್ಯಾಸ ಇರುವವರು ಈ ಬಳಗದಲ್ಲಿ ಇದ್ದೀರಿ. ಮೇಲ್ಮನವಿ ಪುರಸ್ಕರಿಸಿ ಕೆಳಗಿನ ತೀರ್ಪನ್ನು ತೆಗೆದುಹಾಕುವಾಗ ಆದೇಶಭಾಗದಲ್ಲಿ ನೀವು ಯಾವ ಕ್ರಿಯಾಪದ ಬಳಸುತ್ತೀರಿ? ‘ನಿರಸನ’ಕ್ಕೆ ಬದಲು ‘ಹಿಂತೆಗೆತ’ ಎಂದರೆ, ಇನ್ನೂ ಪಾಸಾಗದ ಮಸೂದೆಯನ್ನು ಸರ್ಕಾರ ಹಿಂದಕ್ಕೆ ಪಡೆಯುವುದರ ಜೊತೆ ಗೊಂದಲವಾದೀತೇ?