ರಾಜ್ಯದ ನಿಯಮ ‘ರದ್ದಾಗುತ್ತದೆ’ ಅನ್ನುವುದು ಸರಿಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಅಮೆರಿಕದ ರಾಜ್ಯ ಸರ್ಕಾರಗಳಲ್ಲಿ ನೌಕರಿ ಮಾಡುವ ಕನ್ನಡಿಗರಿಗಾಗಿ ಅಲ್ಲಿನ ಕಾರ್ಮಿಕ ಕಾನೂನಿನ ಬಗ್ಗೆ ಒಂದು ಬರಹ ಸಿದ್ಧಮಾಡುತ್ತಿದ್ದೇನೆ. ಒಕ್ಕೂಟದ (ಅಂದರೆ ಅಲ್ಲಿನ ಕೇಂದ್ರ ಸರ್ಕಾರದ) ಕಾನೂನು ರಾಜ್ಯದ ಸೇವಾ ನಿಯಮವನ್ನು ‘ಓವರ್‌ರೈಡ್’ ಮಾಡುತ್ತದೆ ಎಂಬುದಕ್ಕೆ ಪತ್ರಿಕೆಗಳ ರೂಢಿಯಂತೆ ‘ರದ್ದುಮಾಡುತ್ತದೆ’ ಎಂದು ಬರೆಯಲು ನನಗೆ ಮನಸ್ಸು ಒಪ್ಪುತ್ತಿಲ್ಲ.

ಒಂದು ಉದಾಹರಣೆ ನೋಡಿ. ರಾಜ್ಯದ ಕಚೇರಿಯೊಂದರ ಗುಮಾಸ್ತೆ ವಾರಕ್ಕೆ 46 ಗಂಟೆ ದುಡಿದರು ಅನ್ನೋಣ. ಹೆಚ್ಚುವರಿ ಗಂಟೆಗೆ ಒಂದೇ ಗಂಟೆ ರಜೆ ಎನ್ನುತ್ತದೆ ಕಚೇರಿಯ ನಿಯಮ. 1938ರ ನ್ಯಾಯಯುತ ಕಾರ್ಮಿಕ ಮಾನದಂಡಗಳ ಕಾಯ್ದೆಯ ಪ್ರಕಾರ 40 ದಾಟಿದ ಪ್ರತಿ ಗಂಟೆಗೂ ಒಂದೂವರೆ ಪಟ್ಟು ಕೂಲಿ ಸಲ್ಲಬೇಕು. ಮೊದಲೇ ಒಪ್ಪಂದವಿದ್ದರೆ ಸರ್ಕಾರಿ ನೌಕರರಿಗೆ ಹಣದ ಬದಲು ರಜೆ ಕೊಡಬಹುದು, ಅದೂ ಒಂದೂವರೆ ಪಟ್ಟೇ. ಹಾಗಾಗಿ ಆಕೆಗೆ 6 ಗಂಟೆಯಲ್ಲ, 9 ಗಂಟೆ ರಜೆ ಬರಬೇಕು. ಅದೇ ಕಚೇರಿ ಗಂಟೆಗೆ ಎರಡು ಗಂಟೆ ಕೊಡುತ್ತಿದ್ದರೆ ಆ ನಿಯಮಕ್ಕೆ ಯಾವ ತೊಂದರೆಯೂ ಇಲ್ಲ. ಕಾಯ್ದೆ ಹಾಕಿರುವುದು ಕನಿಷ್ಠ ಮಿತಿ. ಕನಿಷ್ಠ ವೇತನದ್ದೂ ಇದೇ ಕಥೆ: ಒಕ್ಕೂಟದ ದರ ಗಂಟೆಗೆ 7.25 ಡಾಲರ್, ಕ್ಯಾಲಿಫೋರ್ನಿಯಾದ ದರ ಅದಕ್ಕಿಂತ ಬಹಳ ಹೆಚ್ಚು, ಅದೇ ನಡೆಯುತ್ತದೆ. ಇದನ್ನೆಲ್ಲ ‘ರದ್ದು’ ಎಂದರೆ ಓದುವವರು ರಾಜ್ಯದ ನಿಯಮಪುಸ್ತಕವೇ ಹೋಯಿತು ಅಂದುಕೊಳ್ಳುತ್ತಾರೆ. ತಮಗೆ ಅನುಕೂಲವಾದ ನಿಯಮವನ್ನೂ ಕೇಳದೆ ಬಿಡುತ್ತಾರೆ.

‘ಮೇಲುಗೈ’ ನೋಡಿದೆ. ಅದು ಪೂರ್ತಿ ಗೆಲುವನ್ನು ಸೂಚಿಸುತ್ತದೆ. ಇಲ್ಲಿ ಗೆಲುವು ಅಷ್ಟು ಸಲೀಸಾಗಿ ಬಂದದ್ದಲ್ಲ. ರಾಜ್ಯಗಳ ಸಾಂಪ್ರದಾಯಿಕ ಆಡಳಿತ ಕಾರ್ಯಗಳಿಗೆ ಈ ಕಾಯ್ದೆ ತಾಗದು ಎಂದು 1976ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು; 1985ರ ಗಾರ್ಸಿಯಾ ತೀರ್ಪಿನಲ್ಲಿ 5–4ರ ಬಹುಮತದಿಂದ ಅದನ್ನು ತಾನೇ ಬದಲಿಸಿತು. 1976ರಲ್ಲಿ ಬಹುಮತದ ಜೊತೆಗಿದ್ದ ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಅವರೇ ಈ ತೀರ್ಪು ಬರೆದರು. 1999ರ ಆಲ್ಡನ್ ತೀರ್ಪಿನ ನಂತರವಂತೂ, ರಾಜ್ಯ ಒಪ್ಪದಿದ್ದರೆ ನೌಕರರೇ ಬಾಕಿ ಹಣಕ್ಕಾಗಿ ಅದರ ಮೇಲೆ ದಾವೆ ಹೂಡುವಂತಿಲ್ಲ. ಒಕ್ಕೂಟದ ಕಾರ್ಮಿಕ ಇಲಾಖೆ ಹೂಡಬಹುದು. ಕಾನೂನು ನೌಕರರ ಪರ ಇದ್ದರೂ ಹಣ ಕೈಸೇರುವ ದಾರಿ ಕಿರಿದು, ಅದು ನನಗೆ ಅನ್ಯಾಯವೆನಿಸುತ್ತದೆ.

ಕೇಂದ್ರದ ಮತ್ತು ರಾಜ್ಯದ ಕಾನೂನುಗಳು ಒಂದಕ್ಕೊಂದು ವಿರುದ್ಧವಾದಾಗ ಏನು ಎಂದು ಹೇಳುವ ನಮ್ಮ ಸಂವಿಧಾನದ 254ನೇ ವಿಧಿಯ ‘ವಿರೋಧವಿರುವಷ್ಟರ ಮಟ್ಟಿಗೆ’ ಎಂಬ ಧಾಟಿ ಇಲ್ಲಿ ಒದಗುತ್ತದೆ. ‘ಕಾಯ್ದೆಗಿಂತ ಕಡಿಮೆ ಕೊಡುವಷ್ಟರ ಮಟ್ಟಿಗೆ ರಾಜ್ಯದ ನಿಯಮ ಊರ್ಜಿತವಾಗದು’ ಎಂದು ಬರೆದಿದ್ದೇನೆ. ‘ಊರ್ಜಿತ’ ಸಾಮಾನ್ಯ ಓದುಗರಿಗೆ ತಿಳಿಯುತ್ತದೆಯೇ, ‘ನಡೆಯದು’ ಎಂದರೆ ಸಾಕೇ? ನ್ಯಾಯಾಲಯಗಳಲ್ಲಿ ಕನ್ನಡ ಬಳಸುವವರು ದಯವಿಟ್ಟು ತಿಳಿಸಿ.